ಹೊಸ ಆವೃತ್ತಿ

ಭಾನುವಾರ ಬಂತೆಂದರೆ ಭಾರ್ಗವನ ಊಟದ ಮೇಜಿನ ಮೇಲೆ ಒಂದು ರಾಜ್ಯವೇ ಎದ್ದು ನಿಲ್ಲುತ್ತಿತ್ತು. ಪಾತ್ರಗಳಾಗಿ ಕಥೆಯೊಳಗೆ ಹೊಕ್ಕು ಆಡುವ ಆಟ ಅದು; ಅವನು ಕಥೆ ನಡೆಸುತ್ತಿದ್ದ. ಗೆಳೆಯರಾದ ನಸ್ರೀನ್ ಮಾಂತ್ರಿಕಳಾಗಿ, ಮುತ್ತಣ್ಣ ಯೋಧನಾಗಿ ದಾಳ ಉರುಳಿಸುತ್ತಿದ್ದರು. ಹೆಂಡತಿ ತೀರಿಕೊಂಡ ಮೇಲೆ ಆ ಮನೆಯಲ್ಲಿ ನಗು ಕೇಳಿಸುತ್ತಿದ್ದುದು ಆ ಒಂದು ದಿನ ಮಾತ್ರ.

ಆಟದ ನಿಯಮ, ಕಥೆಗಳಿರುವ ಪುಸ್ತಕದ ಹೊಸ ಆವೃತ್ತಿ ಬಂದದ್ದೇ ಜಗಳ ಶುರುವಾಯಿತು.

"ಹಳೇ ನಿಯಮದಲ್ಲಿ ಒಂದು ಸಲ ಕತ್ತಿ ಬೀಸೋಕೆ ಅರ್ಧ ಗಂಟೆ ಲೆಕ್ಕ ಹಾಕ್ಬೇಕು ಮಾರಾಯ. ಹೊಸದನ್ನೇ ಆಡೋಣ," ಎಂದ ಮುತ್ತಣ್ಣ.

"ಹೊಸದರಲ್ಲಿ ಯಾರೂ ಸಾಯೋದೇ ಇಲ್ಲ ಕಣೋ. ಸಾವಿನ ಭಯ ಇಲ್ದಿದ್ರೆ ಅದೆಂಥ ಆಟ?" ಎಂದ ಭಾರ್ಗವ.

ವಾದ ತಿಂಗಳುಗಟ್ಟಲೆ ಎಳೆಯಿತು. ನಡುನಡುವೆ ಗೆಳೆಯರಿಬ್ಬರು ಬರುವುದೂ ತಪ್ಪತೊಡಗಿತು. ಒಮ್ಮೆ ಜ್ವರ, ಒಮ್ಮೆ ನೆಂಟರ ಮದುವೆ.

ಈ ಭಾನುವಾರ ಇಬ್ಬರೂ ಬಂದರು, ಆದರೆ ಕೂರಲಿಲ್ಲ. ಭಾರ್ಗವ ಒಳಗೋಡಿ ಹೊಸ ಪುಸ್ತಕ ತಂದು ಮೇಜಿನ ಮೇಲಿಟ್ಟ.

"ನಾನೇ ಸೋತೆ. ಹೊಸ ನಿಯಮವೇ ಆಗ್ಲಿ. ಎಲ್ಲ ಓದ್ಕೊಂಡಿದೀನಿ, ನಿಮಗೆ ಹೇಗೆ ಬೇಕೋ ಹಾಗೆ ಆಡಿಸ್ತೀನಿ. ಬರೋದು ಮಾತ್ರ ನಿಲ್ಲಿಸಬೇಡಿ. ಕೂತ್ಕೊಳ್ಳಿ, ಇದರಲ್ಲಿರೋ ಮೊದಲನೇ ಕಥೆಯಿಂದ ಶುರು ಮಾಡೋಣ."

ಮುತ್ತಣ್ಣ ಬಾಗಿಲ ಕಡೆ ನೋಡಿದ. ನಸ್ರೀನ್ ತಲೆ ತಗ್ಗಿಸಿಕೊಂಡೇ ಹೇಳಿದಳು:

"ಇಲ್ಲಿಗೆ ಬರದೇ ಇದ್ದ ಭಾನುವಾರ ನಾವಿಬ್ರೂ ನಮ್ಮನೇಲಿ ಆಡ್ತಾ ಆಡ್ತಾ ಅದರ ಕೊನೇ ಕಥೆಗೆ ಬಂದಿದೀವಿ, ಭಾರ್ಗವ."