ಗೋಡೆಯ ಹಿಂದಿನ ಹನ್ನೆರಡು ಬಾಟಲಿ

ಕುಡಿಯುವ ಹಾಗಿದ್ದರೆ ಒಂದು ಬಾಟಲಿಗೆ ಅತ್ತಿಗೆಯ ಒಂದು ವರ್ಷದ ಸಂಬಳ. ಕೆಟ್ಟಿದ್ದರೆ ಪಾತ್ರೆಯ ಕಿಲುಬು ತಿಕ್ಕಲು ಸಾಕು. ವೈನ್ ಕಾರ್ಖಾನೆಯ ನೆಲಮಾಳಿಗೆಯ ಹಳೆಯ ಗೋಡೆ ಒಡೆದಾಗ ಸಿಕ್ಕಿದ್ದು ಅಂಥ ಹನ್ನೆರಡು. ಮೂವತ್ತೆಂಟು ವರ್ಷದ ಬಿಳಿ ವೈನ್.

"ಇದು ನಮ್ದು," ಎಂದು ಪೀಪಾಯಿ ತೊಳೆಯುವ ಅವಳ ಮೈದುನ ಅಡ್ಡ ನಿಂತ. "ಕೆಲಸದವರಿಗೆ ಅಂತಲೇ ದೊಡ್ಡ ಯಜಮಾನ್ರು ಇಡ್ಸಿದ್ದು. ನಾನೇ ಹೊತ್ಕೊಂಡು ಬಂದಿದ್ದೆ."

"ಎಲ್ಲಿ ಬರೆದಿದೆ?" ಎಂದ ಅವರ ಮಗ, ಸಣ್ಣ ಯಜಮಾನ. ಅವನಿಗೆ ವೈನಿನ ಬೆಲೆ ಗೊತ್ತು, ರುಚಿ ಗೊತ್ತಿಲ್ಲ. ಅತ್ತಿಗೆಯತ್ತ ತಿರುಗಿದ. "ನಾಳೆ ಹರಾಜಿನವರು ಬರ್ತಾರೆ. ಕುಡಿಯೋ ಹಾಗಿದ್ಯಾ, ನೋಡಿ ಹೇಳಮ್ಮ."

ಮೂವತ್ತೊಂದು ವರ್ಷದಿಂದ ಇಲ್ಲಿ ರುಚಿ ನೋಡುವವಳು ಅತ್ತಿಗೆ. ಬಾಯಲ್ಲಿ ಹೊರಳಿಸುವುದು, ಪೀಕದಾನಿಗೆ ಉಗುಳುವುದು, ತೀರ್ಪು ಹೇಳುವುದು. ಒಂದು ಹನಿ ನುಂಗಿದವಳಲ್ಲ.

ಒಂದು ಬಾಟಲಿಯ ಬಿರಡೆ ಪುಡಿಯಾಗಿ ಬಂತು. ಅತ್ತಿಗೆ ಬಾಯಿ ತುಂಬ ತೆಗೆದುಕೊಂಡಳು. ಪೀಕದಾನಿಯತ್ತ ಬಗ್ಗಲಿಲ್ಲ. ಗುಳಕ್ಕನೆ ನುಂಗಿದಳು. ಕಣ್ಣಲ್ಲಿ ನೀರು ತುಂಬಿತು.

"ಅಯ್ಯೋ, ನುಂಗೇಬಿಟ್ರು!" ಎಂದ ಗುಮಾಸ್ತ.

"ಇಂಥದ್ದು ಈ ಜನ್ಮದಲ್ಲಿ ನನ್ನ ಬಾಯಿಗೆ ಬಿದ್ದಿರಲಿಲ್ಲ," ಎಂದಳು ಅತ್ತಿಗೆ.

ಸಣ್ಣ ಯಜಮಾನ ಕೈ ಚಾಚಿದ. ಅವಳು ಬಾಟಲಿಯ ಬಾಯಿಗೆ ಅಂಗೈ ಒತ್ತಿದಳು. "ಮುಟ್ಬೇಡಿ. ನಿಮ್ಮಪ್ಪ ನಮಗೆ ಕೊಟ್ಟಿದ್ದು. ಕೋರ್ಟಿಗೆ ಹೋದ್ರೂ ಸರಿ, ಮೂಸೋಕೂ ಬಿಡಲ್ಲ."

"ಏನು ಬೇಕು, ಅದನ್ನ ಹೇಳು."

"ಕೆಲಸದವರಿಗೆ ತಲೆಗೊಂದು ಪೆಟ್ಟಿಗೆ ಹೊಸ ವೈನ್, ವರ್ಷಾ ವರ್ಷಾ. ನಿಮ್ಮಪ್ಪ ಕೊಡ್ತಿದ್ರು, ನೀವು ಬಂದು ನಿಲ್ಸಿದ್ರಿ. ಎಲ್ಲಿ ಬರೆದಿದೆ ಅಂತೀರಲ್ಲ, ಈಗ ಬರೀರಿ. ಆ ಹನ್ನೊಂದು ನಿಮಗೇ ಇರಲಿ."

ಹನ್ನೊಂದು ಬಾಟಲಿಯ ಮುಂದೆ ಅದು ಚಿಲ್ಲರೆ. ಸಣ್ಣ ಯಜಮಾನ ನಗುತ್ತಲೇ ಬರೆದು ರುಜು ಹಾಕಿದ. ಗುಮಾಸ್ತ ಸಾಕ್ಷಿ ಹಾಕಿದ. ಹನ್ನೊಂದೂ ಬೀಗದ ಕಪಾಟು ಸೇರಿದವು. ತೆರೆದದ್ದು ಅತ್ತಿಗೆಯ ಕಂಕುಳಲ್ಲೇ ಉಳಿಯಿತು.

ಅಂಗಳಕ್ಕೆ ಬಂದವನೇ ಮೈದುನ ಹರಿಹಾಯ್ದ. "ಆನೆ ಕೊಟ್ಟು ಆಡು ತಂದ್ರಲ್ಲ ಅತ್ತಿಗೆ! ಅಂಥಾ ವೈನು! ನನ್ನ ಹೆಗಲ ಮೇಲೆ ಬಂದಿದ್ದು! ಇಷ್ಟು ಸುಲಭಕ್ಕೆ ಬಿಟ್ಕೊಟ್ರಾ? ನಿಮ್ಮಲ್ಲಿ ಕೆಚ್ಚಿದೆ ಅಂದ್ಕೊಂಡಿದ್ದೆ."

ಅತ್ತಿಗೆ ನಲ್ಲಿ ತಿರುಗಿಸಿ ಬಾಯಿ ಮುಕ್ಕಳಿಸಿದಳು. ಮತ್ತೊಮ್ಮೆ. ಮತ್ತೂ ಒಮ್ಮೆ. ಆಮೇಲೆ ಬಾಟಲಿ ಅವನ ಕೈಗಿತ್ತಳು.

"ತಗೋ. ನಿನ್ನ ಪಾಲು."

ಅವನು ದೊಡ್ಡ ಗುಟುಕು ಎತ್ತಿದ. ಮರುಕ್ಷಣ ಥೂ ಎಂದು ಗೋಡೆಗೆ ಉಗಿದು, ಮುಖ ಕಿವುಚಿಕೊಂಡು ಕೂತುಬಿಟ್ಟ.

"ಕೆಟ್ಟು ಇಪ್ಪತ್ತು ವರ್ಷ ಆಗಿರಬೇಕು ಕಣೋ," ಎಂದಳು ಅತ್ತಿಗೆ. "ಉಗುಳಿದ್ರೆ ನನ್ನ ಮುಖಾನೂ ಹಿಂಗೇ ಆಗಿ ಗುಟ್ಟು ಬಯಲಾಗ್ತಿತ್ತು."

ಮರುದಿನ ಹರಾಜಿನವರು ಒಂದು ಬಾಟಲಿ ತೆರೆದು ಮೂಗು ಮುಚ್ಚಿಕೊಂಡರು. ಅತ್ತಿಗೆಯ ಕೆಲಸ ಹೋಯಿತು, ರುಜು ಹಾಕಿದ ಕಾಗದದಿಂದ ಕೆಲಸದವರ ಹತ್ತು ಮನೆಗೆ ವರ್ಷಕ್ಕೊಂದು ಪೆಟ್ಟಿಗೆ ದಕ್ಕಿತು.