ನೆಂದ ಮಣ್ಣಿನ ತೂಕ

ಹಾಳೆಯ ಮೇಲೆ ಎಲ್ಲವೂ ಇತ್ತು, ಮಣ್ಣೊಂದನ್ನು ಬಿಟ್ಟು.

ಹಿರಿಯ ಎಂಜಿನಿಯರ್ ಕನ್ನಡಕ ಒರೆಸಿಕೊಂಡು ಮತ್ತೆ ಮೊದಲ ಸಾಲಿನಿಂದ ಬಂದರು. ತಾರಸಿಯ ಸ್ಲ್ಯಾಬಿನ ಸ್ವಂತ ತೂಕ, ಚದರ ಮೀಟರಿಗೆ ಮುನ್ನೂರ ಎಪ್ಪತ್ತೈದು ಕಿಲೋ. ಗಾರೆ, ಟೈಲ್ಸ್ ಸೇರಿ ನೂರ ಇಪ್ಪತ್ತು. ಓಡಾಡುವ ಜನರಿಗೆಂದು ನೂರೈವತ್ತು. ಕೂಡಿದ್ದು ಸರಿಯಾಗಿಯೇ ಇತ್ತು. ಆದರೆ ಮೂಲೆಯ ಪುಟ್ಟ ಚಿತ್ರದಲ್ಲಿ ತಾರಸಿಯ ತುಂಬ ಹೂದೋಟ, ನಲವತ್ತು ಸೆಂಟಿಮೀಟರ್ ಮಣ್ಣು. ಮಳೆಗೆ ನೆಂದರೆ ಅದೊಂದೇ ಏಳುನೂರು ಕಿಲೋ ದಾಟುತ್ತದೆ. ಉಳಿದದ್ದೆಲ್ಲ ಸೇರಿದರೂ ಅದಕ್ಕೆ ಸಮವಿಲ್ಲ.

ಗಡಿಯಾರ ನೋಡಿದರು. ಹಾಳೆ ಕೈಗೆತ್ತಿಕೊಂಡು ನಾಲ್ಕು ನಿಮಿಷ.

ಬೆಳಿಗ್ಗೆ ಅದನ್ನು ಮೇಜಿನ ಮೇಲಿಟ್ಟು ಹೋದವಳು ಆರು ತಿಂಗಳ ಹಿಂದೆ ಕಚೇರಿ ಸೇರಿದ ಹುಡುಗಿ. ಮಾತು ಕಡಿಮೆ, ಕೈ ಚುರುಕು. "ಸರ್, ಇದೊಂದು ತಾರಸಿ ಲೆಕ್ಕ. ಪೂರ್ತಿ ಓದಿ ನೋಡ್ತೀರಾ?" ಎಂದಿದ್ದಳು, ಅಷ್ಟೆ. ಯಾವ ತಾರಸಿ ಎಂದು ಕೇಳುವ ಪ್ರಮೇಯವೇ ಇರಲಿಲ್ಲ. ತಾವು ಕಟ್ಟಿಸಲಿರುವ ಹೊಸ ಮನೆಯ ಲೆಕ್ಕವನ್ನು ಹೋದ ವಾರವಷ್ಟೇ ಅವಳಿಗೆ ಒಪ್ಪಿಸಿದ್ದರು. ಮೇಲೆ ಹೆಂಡತಿಯ ಹೂದೋಟ, ಅದರ ಕೆಳಗೆ ಮೊಮ್ಮಗಳು ಮಲಗುವ ಕೋಣೆ. ಅಗಲ ಮಾತ್ರ ನೆನಪಿಗಿಂತ ಒಂದು ಮೀಟರ್ ಹೆಚ್ಚಿತ್ತು. ಹೆಂಡತಿ ಈಗಾಗಲೇ ನಕ್ಷೆಯನ್ನು ಮೂರು ಸಲ ಬದಲಿಸಿದ್ದಳು. ಇದು ನಾಲ್ಕನೆಯದಿರಬೇಕು ಎಂದುಕೊಂಡರು.

ಮೊಮ್ಮಗಳ ಮಂಚ ಕಣ್ಣ ಮುಂದೆ ಬಂತು.

ಮಧ್ಯಾಹ್ನ, ಕಚೇರಿಯಲ್ಲೇ ತಲೆ ನೆರೆಸಿಕೊಂಡಿದ್ದ ಟೈಪಿಸ್ಟ್ ಅಮ್ಮನನ್ನು ಕರೆದು, ಏನೋ ಕೇಳುವವರಂತೆ ಆ ಹುಡುಗಿಯ ಮಾತೆತ್ತಿದರು. ಟೈಪಿಸ್ಟ್ ಬಾಗಿಲ ಕಡೆ ಒಮ್ಮೆ ನೋಡಿದಳು.

"ನಿಮಗೆ ಗೊತ್ತಿಲ್ವಾ ಸರ್? ನಮ್ಮ ಲೆಕ್ಕದ ಮೇಷ್ಟ್ರ ಮಗಳು."

ಲೆಕ್ಕದ ಮೇಷ್ಟ್ರು. ಪಾಠ ಹೇಳಿದವರಲ್ಲ, ಈ ಕಚೇರಿಯಲ್ಲೇ ತೂಕಗಳನ್ನು ಕೂಡುತ್ತಿದ್ದ ಕಿರಿಯ ಎಂಜಿನಿಯರ್. ಹದಿನಾಲ್ಕು ವರ್ಷಗಳ ಹಿಂದೆ ಒಂದು ಅತಿಥಿಗೃಹದ ಹೂದೋಟ, ಮೊದಲ ಜೋರು ಮಳೆಗೇ, ಊಟದ ಕೋಣೆಯೊಳಗೆ ಕುಸಿದು ಮೂರು ಜನ ಸತ್ತರು. ಮಣ್ಣಿನ ತೂಕ ಲೆಕ್ಕದಲ್ಲಿ ಸೇರಿರಲಿಲ್ಲ. ವಿಚಾರಣೆಯಲ್ಲಿ ಮೇಷ್ಟ್ರು ಅತ್ತುಬಿಟ್ಟರು. ಕೈ ತಪ್ಪಿತು, ತಪ್ಪು ನನ್ನದೇ, ಆದರೆ ಅದಕ್ಕೇ ಅಲ್ಲವೇ ಎರಡನೇ ಕಣ್ಣು ಅಂತ ಇರುವುದು ಎಂದರು. ಆ ಎರಡನೇ ಕಣ್ಣು, ಹಾಳೆಯಡಿ ಸಹಿ ಹಾಕಿದ್ದವರು, ಇದೇ ಹಿರಿಯ ಎಂಜಿನಿಯರ್. ಅವರು ರೆಪ್ಪೆ ಬಡಿಯದೆ ಉತ್ತರ ಕೊಟ್ಟಿದ್ದರು: ಸಾಲು ಸಾಲಾಗಿ ಓದಿದ್ದೇನೆ, ಗುತ್ತಿಗೆದಾರನಿಗೋಸ್ಕರ ಈತ ಅದನ್ನು ಎಷ್ಟು ಜಾಣತನದಿಂದ ಬಚ್ಚಿಟ್ಟಿದ್ದನೆಂದರೆ ಯಾರು ಓದಿದ್ದರೂ ಕಾಣುತ್ತಿರಲಿಲ್ಲ. ಮೇಷ್ಟ್ರ ಪರವಾನಗಿ ಹೋಯಿತು, ಮರ್ಯಾದೆ ಹೋಯಿತು, ಎರಡು ವರ್ಷಕ್ಕೆ ಅವರೂ ಹೋದರು.

ಈಗ ಮಗಳು ಬಂದಿದ್ದಾಳೆ. ಅದೇ ಹೂದೋಟ, ಅದೇ ಲೋಪ. ಕೆಳಗೆ ಈ ಸಲ ತಮ್ಮ ಮೊಮ್ಮಗಳು.

ಬೈದು ಮನೆಗೆ ಕಳಿಸಿದರೆ ಇನ್ನೊಂದು ಕಚೇರಿ ಸೇರಿಕೊಳ್ಳುತ್ತಾಳೆ. ಬೇರುಸಹಿತ ಕೀಳಬೇಕು. ಅಪ್ಪನ ಹಾಗೆ ಕೈ ತಪ್ಪಿತು, ಎರಡೆರಡು ಸಲ ಓದಿದರೂ ಕಾಣಲಿಲ್ಲ ಎಂದು ಜಾರಿಕೊಳ್ಳಲೂ ಬಿಡಬಾರದು. ತಮ್ಮ ಹಸಿರು ಪೆನ್ನು ತೆಗೆದರು. ತಲೆಬರಹದ ಜಾಗ ಖಾಲಿಯಿತ್ತು. ಅಲ್ಲಿ ತಮ್ಮ ಮನೆಯ ವಿಳಾಸ ಬರೆದರು. ಕೆಳಗೆ ದುಂಡಗೆ ಬರೆದರು: "ನೆಂದ ಮಣ್ಣಿನ ತೂಕ ಬಿಟ್ಟಿದೆ. ಈ ಲೋಪ ನಾಲ್ಕು ನಿಮಿಷದಲ್ಲಿ ಕಣ್ಣಿಗೆ ಹೊಡೆಯುತ್ತದೆ. ಓದಿಯೂ ಕಾಣಲಿಲ್ಲ ಎನ್ನುವವರ ಮಾತು ಶುದ್ಧ ಸುಳ್ಳು." ಸಹಿ, ತಾರೀಕು. ದೂರಿನ ಜೊತೆ ಹಾಳೆ ಪರವಾನಗಿ ಮಂಡಳಿಗೆ ಹೋಯಿತು.

ಮಂಡಳಿಯ ಅಧ್ಯಕ್ಷರು ಅಂದು ವಿಚಾರಣೆ ನಡೆಸಿದವರೇ. ಒಳ್ಳೆಯದೇ ಆಯಿತು, ಮನೆತನದ ಗುಣ ಅವರಿಗೇ ತಿಳಿಯಲಿ ಎಂದು ಹಿರಿಯರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋದರು. ಎದುರಿಗೆ ಹುಡುಗಿ ಬಟ್ಟೆಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಮುಖದಲ್ಲಿ ಅಳುಕಿರಲಿಲ್ಲ. ಅದೊಂದು ಹಿರಿಯರಿಗೆ ಹಿಡಿಸಲಿಲ್ಲ.

ಅಧ್ಯಕ್ಷರು ಹಾಳೆ ಎತ್ತಿ ಹಿಡಿದರು. "ಏನಮ್ಮಾ, ಅಂಕಿಗಳು ನಿನ್ನ ಕೈಬರಹಾನಾ?"

"ಹೌದು ಸರ್. ನಾನೇ ಬರೆದಿದ್ದು."

"ಮಣ್ಣು ಸೇರಿಲ್ಲ?"

"ಸೇರಿಲ್ಲ. ಓದಿದವರಿಗೆ ಅದು ಕಾಣದೇ ಇರಬಹುದಾ ಅಂತ ಇನ್ನೊಂದ್ಸಲ ಅವರನ್ನೇ ಕೇಳಿಬಿಡಿ."

ಹಿರಿಯರಿಗೆ ನಗು ಬಂತು. "ಅಕ್ಷರ ಬಂದವರಿಗೆಲ್ಲ ಕಾಣುತ್ತಮ್ಮ. ಬರೆದು ಸಹಿ ಹಾಕಿದ್ದೀನಲ್ಲ, ಇನ್ನೇನು ಬೇಕು?"

"ಇನ್ನೇನೂ ಬೇಡ ಸರ್."

ಅವಳು ಚೀಲದಿಂದ ಒಂದು ಹಾಳೆ ತೆಗೆದು ಅವರ ಮುಂದಿಟ್ಟಳು. "ನಿಮ್ಮ ಮನೆ ಲೆಕ್ಕ ಇದು. ಮಣ್ಣನ್ನ ನೆಂದದ್ದು ಅಂತಲೇ ಹಿಡಿದಿದ್ದೀನಿ. ಪಾಪು ನಿಶ್ಚಿಂತೆಯಾಗಿ ಮಲಗಬಹುದು."

ಎರಡನೆಯ ಹಾಳೆಯನ್ನು ಅಧ್ಯಕ್ಷರಿಗೆ ಕೊಟ್ಟಳು. ಹಳದಿಗಟ್ಟಿ ಮಡಿಕೆಗಳಲ್ಲಿ ಹರಿದಿತ್ತು. ಮುನ್ನೂರ ಎಪ್ಪತ್ತೈದು, ನೂರ ಇಪ್ಪತ್ತು, ನೂರೈವತ್ತು. ಮೂಲೆಯಲ್ಲಿ ಅದೇ ಪುಟ್ಟ ಹೂದೋಟ, ಅದೇ ಅಗಲ. ತಲೆಬರಹದಲ್ಲಿ ಅತಿಥಿಗೃಹದ ಹೆಸರು. ಅಡಿಯಲ್ಲಿ ಹಸಿರು ಶಾಯಿ: "ಪೂರ್ತಿ ಓದಿದ್ದೇನೆ." ಅಧ್ಯಕ್ಷರು ಎರಡೂ ಸಹಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. ಆಮೇಲೆ ನಿಧಾನವಾಗಿ ಹಿರಿಯರ ಕಡೆ ತಿರುಗಿದರು.

"ಒಂದಂಕಿಯನ್ನೂ ಬದಲಿಸಿಲ್ಲ ಸರ್," ಎಂದಳು ಹುಡುಗಿ. "ಅವತ್ತು ನೀವು ಓದಿದ್ದಿದ್ರೆ, ಇವತ್ತು ಗುರುತು ಸಿಕ್ತಿತ್ತು."