ಸೋನಿ ನೆಲ ಬಿಟ್ಟ ದಿನ

ಕಥೆ ಕಿವಿಗೆ ಬಿದ್ದರೆ ಮಕ್ಕಳು ನೆಲ ಬಿಟ್ಟು ಮೇಲೇಳುವುದು ಆ ಕಾಲದಲ್ಲಿ ಎಲ್ಲ ಶಾಲೆಗಳಲ್ಲೂ ಇದ್ದದ್ದೇ. ಅದಕ್ಕೇ ನೀಲಾಂಬಿಕೆ ಟೀಚರು ಮೊದಲು ಫ್ಯಾನ್ ಆರಿಸಿ, ಪ್ರತಿ ಮಗುವಿನ ಸೊಂಟಕ್ಕೂ ಹಗ್ಗ ಕಟ್ಟಿ ಬೆಂಚಿಗೆ ಬಿಗಿದು, ಆಮೇಲಷ್ಟೇ ಹೆಡ್‌ಫೋನ್ ಹಂಚುತ್ತಿದ್ದರು. ಎಲ್ಲರೂ ಹಗ್ಗ ಬಿಟ್ಟಷ್ಟು ಮೇಲೆ ತೇಲಿ ಕಿಲಕಿಲ ನಗುವಾಗ, ಈ ವರ್ಷವಷ್ಟೇ ತಾಂಡಾದಿಂದ ಶಾಲೆಗೆ ಸೇರಿದ ಸೋನಿ ಮಾತ್ರ ಬೆಂಚಿನ ಮೇಲೇ ಕೂತಿರುತ್ತಿದ್ದಳು.

"ಅಕ್ಕೋರ, ನಂದು ಕೆಟ್ಟೈತ್ರಿ" ಎಂದಳು ಒಂದು ದಿನ, ಹೆಡ್‌ಫೋನ್ ಚಾಚುತ್ತ.

ಟೀಚರು ಮೂರು ಹೆಡ್‌ಫೋನ್ ಬದಲಿಸಿ ನೋಡಿದರು. ಮೂರರಲ್ಲೂ ದನಿ ಚೆನ್ನಾಗಿಯೇ ಇತ್ತು. ಕಥೆಗಳೆಲ್ಲ ಕನ್ನಡದವು, ಸೋನಿಯ ಮನೆಮಾತು ಲಂಬಾಣಿ ಎಂಬುದು ಆಗ ಹೊಳೆಯಿತು. ಅಂದೇ ಸಂಜೆ ತಾಂಡಾಕ್ಕೆ ಹೋಗಿ, ಅವಳ ಅಜ್ಜಿಯ ಬಾಯಲ್ಲಿ ಒಂದು ನರಿಯ ಕಥೆ ಹೇಳಿಸಿ ರೆಕಾರ್ಡ್ ಮಾಡಿಕೊಂಡು ಬಂದರು.

ಮರುದಿನ ಕಥೆ ಶುರುವಾದದ್ದೇ ತಡ, ಸೋನಿ ಬೆಂಚನ್ನೂ ಎತ್ತಿಕೊಂಡೇ ಮೇಲೇರಿದಳು. ಟೀಚರು ಓಡಿಬಂದು ಬೆಂಚಿನ ಕಾಲು ಹಿಡಿದು ಜಗ್ಗಿದರು.

"ಅಕ್ಕೋರ, ನೀವೂ ಮ್ಯಾಲೆ ಬಂದೀರಿ" ಎಂದಳು ಸೋನಿ ನಗುತ್ತ.

ಟೀಚರು ಕೆಳಗೆ ನೋಡಿದರು. ಅವರ ಚಪ್ಪಲಿಗಳೆರಡೂ ನೆಲದ ಮೇಲೆಯೇ ಇದ್ದವು. ಅವರಿಗೂ ನಗು ತಡೆಯಲಾಗಲಿಲ್ಲ.